ಕತ್ತಿ ಮುರಿದಾಗ ಏನಾಗುತ್ತದೆ? ಜಪಾನಿ ಮಾದರಿಯ ಅಭ್ಯಾಸದ ಆಯುಧಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ನಮ್ಮ ಮೊದಲ ಕತ್ತಿ ಚಪ್ಪರದ ಬೊಂಬಿನದು. ಬೆಂಗಳೂರಿನ ಕಾಡುಗೋಡಿಯಲ್ಲಿ ಮದುವೆಯೊಂದು ಮುಗಿದು ಚಪ್ಪರ ಬಿಚ್ಚುತ್ತಿದ್ದಾಗ ನಾಲ್ಕಡಿಯ ಎರಡು ತುಂಡುಗಳನ್ನು ಕೇಳಿ ತಂದೆವು. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆವು. ಜಪಾನಿನ ಹಳೆಯ ಯೋಧರ ಕಾಳಗವನ್ನು ಮತ್ತೆ ಆಡಿ ನೋಡುವ ಹುಮ್ಮಸ್ಸಿನಲ್ಲಿ ತಾರಸಿಯ ಮೇಲೆ ಭಾನುವಾರಗಳನ್ನು ಕಳೆದೆವು. ಮೂರನೆಯ ವಾರ, ಕತ್ತಿಗೆ ಕತ್ತಿ ತಾಗಿದಾಗ ಒಂದು ಬೊಂಬು ಉದ್ದಕ್ಕೆ ಸೀಳಿತು. ಗೇಣುದ್ದದ ಸಿಬಿರು ಗೆಳೆಯನ ಹುಬ್ಬನ್ನು ಗೀರಿಕೊಂಡು ಹೋಯಿತು. ಎರಡು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಅಲ್ಲಿಯವರೆಗೆ ನಾವು ಕೇಳುತ್ತಿದ್ದ ಪ್ರಶ್ನೆಗಳು ಎರಡೇ: ಕತ್ತಿ ಎಷ್ಟು ಗಟ್ಟಿ? ನೋಡಲು ಎಷ್ಟು ನಿಜ? ಅಂದಿನಿಂದ ಮೂರನೆಯ ಪ್ರಶ್ನೆಯೊಂದು ಮೊದಲ ಸ್ಥಾನಕ್ಕೆ ಬಂತು: ಇದು ಮುರಿದಾಗ ಏನಾಗುತ್ತದೆ? ಅಭ್ಯಾಸದ ಆಯುಧ ಇವತ್ತಲ್ಲ ನಾಳೆ ಮುರಿಯುತ್ತದೆ. ಮುರಿಯುವ ಹೊತ್ತಿಗೆ ಅದರ ಎದುರು ಒಬ್ಬ ಮನುಷ್ಯ ನಿಂತಿರುತ್ತಾನೆ. ಈ ಪ್ರಶ್ನೆ ಹಿಡಿದುಕೊಂಡು ಹೊರಟಾಗ ನಾವು ನಂಬಿದ್ದ ಮಾತುಗಳು ಒಂದೊಂದಾಗಿ ಬಿದ್ದವು. ಅವೇ ಮಾತುಗಳನ್ನು ನಮ್ಮ ಗುಂಪಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರೂ ನಂಬಿಕೊಂಡೇ ಬರುತ್ತಾರೆ. ಆದ್ದರಿಂದ ಒಂದೊಂದನ್ನೂ ಎತ್ತಿಕೊಂಡು ಉತ್ತರಿಸುವುದು ಒಳ್ಳೆಯದು.

ತಪ್ಪು ಕಲ್ಪನೆ 1: ಮರದ ಕತ್ತಿ ಆಟಿಕೆ, ಅಲಗಿಲ್ಲದ್ದರಿಂದ ಅಪಾಯವೂ ಇಲ್ಲ.

ವಾಸ್ತವ: ಒನಕೆಗೂ ಅಲಗಿಲ್ಲ. ಚಿತ್ರದುರ್ಗದ ಓಬವ್ವನ ಕೈಯಲ್ಲಿ ಅದು ಏನು ಮಾಡಿತೆಂದು ಕನ್ನಡದ ಮಕ್ಕಳಿಗೂ ಗೊತ್ತು. ಜಪಾನಿನಲ್ಲೂ ಅಂಥದೇ ಪ್ರಸಿದ್ಧ ಪ್ರಸಂಗವಿದೆ. 1612ರಲ್ಲಿ ಗನ್‌ರ್ಯು ದ್ವೀಪದ ದ್ವಂದ್ವದಲ್ಲಿ ಮಿಯಾಮೊಟೊ ಮುಸಾಶಿ ಎದುರಾಳಿ ಸಸಾಕಿ ಕೊಜಿರೊನನ್ನು ಕೊಂದದ್ದು ಮರದ ಕತ್ತಿಯಿಂದ. ದೋಣಿಯ ಹುಟ್ಟನ್ನೇ ಕೆತ್ತಿ ಅದನ್ನು ಮಾಡಿಕೊಂಡನೆಂದು ಅಲ್ಲಿನ ಜನ ಕಥೆ ಹೇಳುತ್ತಾರೆ.

ಮರದ ಈ ಕತ್ತಿಗೆ ಬೊಕ್ಕೆನ್ ಅಥವಾ ಬೊಕುತೊ ಎಂದು ಹೆಸರು. ಇದು ವರಸೆ ಕಲಿಯಲು ಇರುವ ಸಾಧನ. ಇಬ್ಬರಿಗೂ ಮುಂದಿನ ಹೆಜ್ಜೆ ಮೊದಲೇ ಗೊತ್ತಿರುತ್ತದೆ, ಹೊಡೆತ ಮೈಗೆ ತಾಗುವ ಮೊದಲೇ ನಿಲ್ಲುತ್ತದೆ. ಪೂರ್ತಿ ಬಲ ಹಾಕಿ ಹೊಡೆದಾಡಲು ಅದನ್ನು ಬಳಸಿದರೆ ಮೂಳೆ ಮುರಿಯುತ್ತದೆ. ಈ ಅನುಭವದಿಂದಲೇ ಅಲ್ಲಿನ ಗುರುಗಳು ಬಿದಿರಿನ ಕತ್ತಿಯತ್ತ ಹೊರಳಿದರು. ಬೊಕ್ಕೆನ್ ವರಸೆಗೆ, ಬಿದಿರು ಮತ್ತು ಬೆತ್ತ ಕವಚ ತೊಟ್ಟ ಕಾಳಗಕ್ಕೆ. ಈ ಗೆರೆ ದಾಟಬಾರದು.

ತಪ್ಪು ಕಲ್ಪನೆ 2: ಬಿದಿರಿನ ಶಿನಾಯ್ ಕತ್ತಿ ಜಪಾನಿನ ಮಧ್ಯಯುಗದ್ದು, ಆ ಕಾಲದ ಯೋಧರ ಮುಖ್ಯ ಆಯುಧ ಕತಾನ ಎಂಬ ಬಾಗಿದ ಉಕ್ಕಿನ ಕತ್ತಿ.

ವಾಸ್ತವ: ಎರಡೂ ಅರ್ಧ ಸತ್ಯ. ಬಿದಿರನ್ನು ಸಣ್ಣಗೆ ಸೀಳಿ ಚರ್ಮದ ಚೀಲದೊಳಗೆ ತುಂಬಿದ ಮೆತ್ತನೆಯ ಕತ್ತಿ 16ನೆಯ ಶತಮಾನದ್ದು. ಅದನ್ನು ಕಾಮಿಇಜುಮಿ ನೊಬುತ್ಸುನ ಎಂಬ ಗುರುವಿನ ಹೆಸರಿಗೆ ಜೋಡಿಸುತ್ತಾರೆ. ಈಗ ಕಾಣುವ, ನಾಲ್ಕು ದಬ್ಬೆಗಳನ್ನು ಕಟ್ಟಿದ ಶಿನಾಯ್ ಮತ್ತು ಅದರ ಜೊತೆಗಿನ ಕವಚ ರೂಪುಗೊಂಡದ್ದು 18ನೆಯ ಶತಮಾನದಲ್ಲಿ. ಆ ಹೊತ್ತಿಗೆ ಜಪಾನಿನಲ್ಲಿ ದೊಡ್ಡ ಯುದ್ಧಗಳು ನಿಂತು ನೂರು ವರ್ಷ ಕಳೆದಿತ್ತು.

ಮಧ್ಯಯುಗದ ರಣರಂಗದಲ್ಲಿ ಜಪಾನಿನ ಯೋಧ, ಅಂದರೆ ಸಮುರಾಯ್, ಮೊದಲು ಬಿಲ್ಲುಗಾರ, ಆಮೇಲೆ ಈಟಿಗಾರ. ಉದ್ದ ಹಿಡಿಗೆ ಬಾಗಿದ ಅಲಗು ಕೂಡಿಸಿದ ನಗಿನಾತ, ನೇರ ಮೊನೆಯ ಯಾರಿ, ಇವು ಸಾಲುಸಾಲಾಗಿ ಇರುತ್ತಿದ್ದವು. ಕತ್ತಿ ಸೊಂಟದಲ್ಲಿರುತ್ತಿತ್ತು. ನಮ್ಮ ವೀರಗಲ್ಲುಗಳೂ ಇದನ್ನೇ ಹೇಳುತ್ತವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನಿಂತು ನೋಡಿ. ಸುಮಾರು 900ರ ಗಂಗರ ಕಾಲದ ಆ ಕಲ್ಲಿನಲ್ಲಿ ಆನೆ, ಕುದುರೆ, ಬಿಲ್ಲು, ಈಟಿ, ಗುರಾಣಿ ಒಂದರ ಮೇಲೊಂದು ನುಗ್ಗುತ್ತವೆ. ಕತ್ತಿ ಅವುಗಳ ನಡುವೆ ಒಂದು, ಅಷ್ಟೇ. ಮಧ್ಯಯುಗವನ್ನು ಆಡಿ ತೋರಿಸುವವರು ಮೊದಲು ಉದ್ದ ಕೋಲು ಹಿಡಿಯಲು ಕಲಿಯಬೇಕು.

ತಪ್ಪು ಕಲ್ಪನೆ 3: ಬಿದಿರು, ಬೆತ್ತ ಎರಡೂ ಒಂದೇ, ಸಿಕ್ಕಿದ್ದನ್ನು ಬಳಸಬಹುದು.

ವಾಸ್ತವ: ಬಿದಿರು ಹುಲ್ಲಿನ ಜಾತಿ. ಬೆತ್ತ ತಾಳೆಯ ಜಾತಿಗೆ ಸೇರಿದ, ಮರ ಹತ್ತುವ ಬಳ್ಳಿ. ಬಿದಿರಿನ ಒಳಗೆ ಪೊಳ್ಳು, ಗೆಣ್ಣಿಗೊಂದು ತಡೆ. ಬೆತ್ತದ ಒಳಗೆ ಉದ್ದಕ್ಕೂ ನಾರು, ಎಲ್ಲೂ ಪೊಳ್ಳಿಲ್ಲ. ನಮಗೆ ಮುಖ್ಯವಾದ ವ್ಯತ್ಯಾಸ ಮುರಿಯುವ ರೀತಿಯಲ್ಲಿದೆ. ಬಿದಿರು ಉದ್ದಕ್ಕೆ ಸೀಳಿ ಚಾಕುವಿನಂಥ ಅಂಚು ಬಿಡುತ್ತದೆ. ಬೆತ್ತ ಒಳಗೊಳಗೇ ನಜ್ಜುಗುಜ್ಜಾಗಿ, ಕೊನೆಗೆ ಪೊರಕೆಯಂತೆ ನಾರುನಾರಾಗಿ ಮೆತ್ತಗಾಗುತ್ತದೆ. ಏಟು ತಿಂದ ಬೆತ್ತ ಮೊದಲು ಸೋಲನ್ನು ತೋರಿಸಿ ಆಮೇಲೆ ಸೋಲುತ್ತದೆ. ಬಿದಿರಿಗೆ ಆ ತಾಳ್ಮೆ ಇಲ್ಲ.

1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ, 1600ಕ್ಕಿಂತ ಹಿಂದಿನ ಕಾಲವನ್ನು ಮರುನಟಿಸುವ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ತನ್ನ ಕವಚಕಾಳಗಕ್ಕೆ ಬೆತ್ತವನ್ನು ಆರಿಸಿದ್ದು ಇದೇ ಕಾರಣಕ್ಕೆ. ಕೋಲಿನ ದಪ್ಪ ಕನಿಷ್ಠ ಒಂದೂಕಾಲು ಅಂಗುಲ, ಅಂದರೆ ಸುಮಾರು 32 ಮಿಲಿಮೀಟರ್ ಇರಬೇಕೆಂದು ಅವರ ನಿಯಮ. ಅದಕ್ಕಿಂತ ತೆಳುವಾದದ್ದು ಚಾಟಿಯಂತೆ ಬಳುಕುತ್ತದೆ, ಮುಖವಾಡದ ಸರಳುಗಳ ನಡುವೆ ನುಸುಳುತ್ತದೆ. ಮೀಟರ್ ಉದ್ದದ ಅಂಥ ಬೆತ್ತ ಸುಮಾರು ಅರ್ಧ ಕಿಲೊ ತೂಗುತ್ತದೆ. ಹಬೆಯಲ್ಲಿ ಮೆತ್ತಗೆ ಮಾಡಿ, ಹಲಗೆಗೆ ಹೊಡೆದ ಗೂಟಗಳ ನಡುವೆ ಬಾಗಿಸಿ ಕಟ್ಟಿ ಒಣಗಲು ಬಿಟ್ಟರೆ ಕತಾನದ ಸಣ್ಣ ಬಾಗು ತಾನಾಗಿ ನಿಲ್ಲುತ್ತದೆ.

ತಪ್ಪು ಕಲ್ಪನೆ 4: ಬೊಂಬನ್ನು ಸೀಳಿದರೆ ಬಲ ಹೋಗುತ್ತದೆ, ಇಡಿಯಾಗಿ ಬಳಸಿದರೆ ಗಟ್ಟಿ.

ವಾಸ್ತವ: ಚಪ್ಪರಕ್ಕೆ, ಸಾರುವೆಗೆ ಇಡೀ ಬೊಂಬು ಸರಿ. ಅಲ್ಲಿ ಭಾರ ನಿಧಾನವಾಗಿ, ನೆಟ್ಟಗೆ ಬೀಳುತ್ತದೆ. ಕಾಳಗದಲ್ಲಿ ಅಡ್ಡಡ್ಡ ಏಟು ಬೀಳುತ್ತದೆ. ಪೊಳ್ಳು ಕೊಳವೆ ಏಟು ಬಿದ್ದ ಕಡೆ ಚಪ್ಪಟೆಯಾಗಲು ಹೋಗಿ ಉದ್ದಕ್ಕೆ ಬಿರಿಯುತ್ತದೆ. ನಮ್ಮ ತಾರಸಿಯ ಮೇಲೆ ಆದದ್ದು ಅದೇ.

ಶಿನಾಯ್ ಮಾಡಿದವರು ಈ ದೋಷವನ್ನೇ ಗುಣವಾಗಿ ತಿರುಗಿಸಿದರು. ಹೇಗೂ ಸೀಳುವುದಾದರೆ ಮೊದಲೇ ಸೀಳಿಬಿಡೋಣ ಎಂಬುದು ಅವರ ಜಾಣ್ಮೆ. ದಪ್ಪ ಬಿದಿರಿನಿಂದ ತೆಗೆದ ನಾಲ್ಕು ದಬ್ಬೆಗಳನ್ನು ತೊಗಟೆ ಹೊರಕ್ಕೆ ಬರುವಂತೆ ಜೋಡಿಸುತ್ತಾರೆ. ತುದಿಗೆ ಚರ್ಮದ ಟೋಪಿ, ಅದರೊಳಗೆ ರಬ್ಬರಿನ ಬಿರಡೆ. ಹಿಡಿಗೆ ಚರ್ಮದ ಉದ್ದ ಗವಸು, ಅದರೊಳಗೆ ದಬ್ಬೆಗಳು ಜಾರದಂತೆ ಒಂದು ಚಿಕ್ಕ ಚೌಕದ ಕಬ್ಬಿಣದ ತಗಡು. ಬೆನ್ನಿನ ಮೇಲೆ ಬಿಗಿದ ದಾರ, ತುದಿಯಿಂದ ಕಾಲು ಭಾಗದಲ್ಲಿ ಸುತ್ತಿದ ಚರ್ಮದ ಪಟ್ಟಿ. ಏಟು ಬಿದ್ದಾಗ ನಾಲ್ಕೂ ದಬ್ಬೆಗಳು ಬಳುಕಿ, ಒಂದಕ್ಕೊಂದು ಉಜ್ಜಿ, ಬಲವನ್ನು ಹಂಚಿಕೊಳ್ಳುತ್ತವೆ. ದಾರ ಇರುವ ಬದಿ ಕತ್ತಿಯ ಬೆನ್ನು. ಅದರ ಎದುರಿನ ಬದಿಯಿಂದ ಮಾತ್ರ ಹೊಡೆಯಬೇಕು. ಹಾಗೆ ಹೊಡೆಯದವರ ಶಿನಾಯ್ ಬೇಗ ಬಿರಿಯುತ್ತದೆ.

ಶಿನಾಯ್ ಹಿಡಿದು ಆಡುವ ಜಪಾನಿ ಕತ್ತಿವರಸೆಯಾದ ಕೆಂಡೊದ ನಿಯಮದಂತೆ ದೊಡ್ಡವರ ಶಿನಾಯ್ ಉದ್ದ 120 ಸೆಂಟಿಮೀಟರ್ ಮೀರಬಾರದು. ಗಂಡಸರದು ಕನಿಷ್ಠ 510 ಗ್ರಾಂ, ಹೆಂಗಸರದು ಕನಿಷ್ಠ 440 ಗ್ರಾಂ ಇರಬೇಕು. ಇಷ್ಟು ಕಡಿಮೆ ತೂಕದಲ್ಲಿ ಇಷ್ಟು ಕೆಲಸ ಮಾಡುವ ಬೇರೆ ಉಪಾಯ ನಮಗೆ ಸಿಕ್ಕಿಲ್ಲ.

ತಪ್ಪು ಕಲ್ಪನೆ 5: ಬಿದಿರಿನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ, ಕೋಲಿಗೆ ಗಂಡೇ ಬೇಕು.

ವಾಸ್ತವ: ಕಾಡುಗೋಡಿಯಲ್ಲಿರುವ ವೈಟ್‌ಫೀಲ್ಡ್ ರೈಲು ನಿಲ್ದಾಣದಿಂದ ಕಂಟೋನ್ಮೆಂಟಿಗೆ ಹೋಗಿ, ಅಲ್ಲಿಂದ ಬ್ಯಾಂಬೂ ಬಜಾರಿಗೆ ನಡೆದ ದಿನ ನಾವೂ ಗಂಡು ಬಿದಿರು ಕೊಡಿ ಎಂದೇ ಕೇಳಿದ್ದೆವು. ಗಂಡು ಬಿದಿರು ಎಂಬುದು ಲಿಂಗದ ಹೆಸರಲ್ಲ, ಒಂದು ಜಾತಿಯ ಹೆಸರು. ಸಸ್ಯಶಾಸ್ತ್ರದಲ್ಲಿ ಅದು ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್, ನಮ್ಮ ಒಣ ಕಾಡುಗಳ ಕಿರುಬಿದಿರು. ಒಣ ನೆಲದಲ್ಲಿ ಬೆಳೆದರೆ ಅದರ ಒಳಗಿನ ಪೊಳ್ಳು ಮುಚ್ಚಿದಂತೆಯೇ ಇರುತ್ತದೆ. ಲಾಠಿಗೆ ಅದನ್ನೇ ಆರಿಸುವುದು ಇದಕ್ಕಾಗಿ. ಹೆಬ್ಬಿದಿರು ಬೇರೆ ಜಾತಿ. ಅದರ ಗಳ ದೊಡ್ಡದು, ಒಳಗೆ ಪೊಳ್ಳು.

ಹೆಸರು ತಪ್ಪಾದರೂ ಹಿರಿಯರ ಆಯ್ಕೆ ಸರಿ. ನಗಿನಾತದ ಹಿಡಿಗೆ, ಈಟಿಯ ಕೋಲಿಗೆ ಕಿರುಬಿದಿರು ಒಳ್ಳೆಯದು. ಶಿನಾಯ್ ದಬ್ಬೆಗೆ ಮಾತ್ರ ದಪ್ಪ ಗೋಡೆಯ, ಗೆಣ್ಣು ದೂರದೂರ ಇರುವ ನೇರ ಗಳ ಬೇಕು. ಗಿಡದ ಲಿಂಗ ಕೇಳುವ ಬದಲು ವಯಸ್ಸು ಕೇಳಬೇಕು. ಒಂದು ವರ್ಷದ ಎಳೆಯ ಗಳದ ಮೇಲೆ ಬಿಳಿಯ ಹುಡಿಯೂ ಒಣ ಹಾಳೆಯೂ ಅಂಟಿಕೊಂಡಿರುತ್ತವೆ. ಅದು ಒಣಗಿದಂತೆ ಸುಕ್ಕಾಗುತ್ತದೆ. ಮೂರು ವರ್ಷ ದಾಟಿದ ಗಳ ಮಾಸಲು ಬಣ್ಣಕ್ಕೆ ತಿರುಗಿರುತ್ತದೆ. ಮೇದರು ಅದನ್ನು ತಟ್ಟಿದ ಸದ್ದಿನಿಂದಲೇ ಗುರುತಿಸುತ್ತಾರೆ. ಆ ಕಿವಿಗೆ ಸಮನಾದ ಗುರು ನಮಗೆ ಪುಸ್ತಕದಲ್ಲಿ ಸಿಕ್ಕಲಿಲ್ಲ.

ತಪ್ಪು ಕಲ್ಪನೆ 6: ಅಮಾವಾಸ್ಯೆಯ ಹತ್ತಿರ ಕಡಿದ ಬಿದಿರಿಗೆ ಹುಳು ಬೀಳುವುದೇ ಇಲ್ಲ.

ವಾಸ್ತವ: ಈ ನಂಬಿಕೆಯನ್ನು ನಗೆಯಾಡಿ ತಳ್ಳಿಹಾಕಬಾರದು. ಇದರ ಹಿಂದೆ ಹುಳು ತಿಂದು ಹುಡಿಯಾದ ಬುಟ್ಟಿ, ಮೊರ, ಏಣಿಗಳ ನೆನಪಿದೆ. ಬಿದಿರು ಕೊರೆಯುವ ದುಂಬಿಗಳು ಬರುವುದು ಅದರೊಳಗಿನ ಪಿಷ್ಟಕ್ಕಾಗಿ. ಪಿಷ್ಟ ಹೆಚ್ಚಿದ್ದರೆ ಹುಳು ಹೆಚ್ಚು. ಅದು ಋತುವಿನೊಂದಿಗೆ ಏರಿಳಿಯುತ್ತದೆ. ಕಳಲೆ ಹೊರಡುವ ಮುನ್ನ ಗಿಡ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಮಳೆಗಾಲದಲ್ಲಿ ಕಳಲೆ ಬೆಳೆಸಲು ಅದನ್ನು ಖರ್ಚು ಮಾಡುತ್ತದೆ. ಆದ್ದರಿಂದ ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೆ, ಬೆಳೆದ ಗಳವನ್ನು ಕಡಿಯುವುದು ಲೇಸು. ಬೇಸಿಗೆಯ ಅಮಾವಾಸ್ಯೆಯಲ್ಲಿ ಕಡಿದ ಎಳೆಯ ಬಿದಿರಿಗೆ ಹುಳು ತಪ್ಪದು. ಚಂದ್ರನಿಗಿಂತ ತಿಂಗಳು ಮುಖ್ಯ, ತಿಂಗಳಿನಷ್ಟೇ ವಯಸ್ಸೂ ಮುಖ್ಯ.

ಕಡಿದ ಮೇಲೂ ಮಾಡುವುದಿದೆ. ಗಳವನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯಲ್ಲಿ ಪಿಷ್ಟ ಕರಗಿ ಹೋಗುತ್ತದೆ. ಹೊಸ ಪದ್ಧತಿಯಲ್ಲಿ ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುತ್ತಾರೆ. ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಬಿರುಕು ಅಂದೇ ಶುರು. ಹುಳು ಕೊರೆದ ದಬ್ಬೆಯ ಮೇಲ್ಮೈ ನುಣುಪಾಗಿಯೇ ಇರುತ್ತದೆ. ಕೆಳಗೆ ಉದುರಿದ ಹಳದಿ ಹುಡಿ ಕಂಡರೆ ಆ ದಬ್ಬೆಯನ್ನು ಎಸೆಯಬೇಕು.

ತಪ್ಪು ಕಲ್ಪನೆ 7: ಬಿದಿರು ಹೂ ಬಿಟ್ಟರೆ ಬರ ಬರುತ್ತದೆ, ಆ ಮೆಳೆಯ ಬಿದಿರು ಮನೆಗೆ ಕೇಡು, ನಾಗಬೆತ್ತ ಕೈಯಲ್ಲಿದ್ದರೆ ಹಾವು ಸುಳಿಯದು.

ವಾಸ್ತವ: ಬಿದಿರಿನ ಹೂವಿಗೂ ಹಸಿವಿಗೂ ನಂಟು ಇದೆ, ಆದರೆ ಅದು ಶಾಪದ್ದಲ್ಲ. ದಶಕಗಳಿಗೊಮ್ಮೆ ಒಂದೇ ಬಾರಿಗೆ ಹೂ ಬಿಟ್ಟು ಬಿದಿರಕ್ಕಿ ಸುರಿದಾಗ ಇಲಿಗಳು ವಿಪರೀತ ಹೆಚ್ಚುತ್ತವೆ. ಬಿದಿರಕ್ಕಿ ಮುಗಿದ ಮೇಲೆ ಅವು ಹೊಲಕ್ಕೆ, ಕಣಜಕ್ಕೆ ನುಗ್ಗುತ್ತವೆ. ಮಿಜೋರಾಂ 1959ರ ಸುಮಾರಿಗೆ ಇದರಿಂದಲೇ ಕ್ಷಾಮ ಕಂಡಿತು. ಹೂ ಬಿಟ್ಟ ಮೆಳೆ ಸಾಯುತ್ತದೆ, ಸತ್ತು ನಿಂತ ಗಳ ಕೊಳೆಯುತ್ತ ಬಲ ಕಳೆದುಕೊಳ್ಳುತ್ತದೆ. ಅದನ್ನು ಕತ್ತಿಗೆ ಬಳಸಬಾರದು ಎಂಬ ತೀರ್ಮಾನಕ್ಕೆ ನಾವೂ ಬರುತ್ತೇವೆ. ಕಾರಣ ಮಾತ್ರ ಬೇರೆ.

ಇನ್ನು ನಾಗಬೆತ್ತ. ಪಶ್ಚಿಮ ಘಟ್ಟದ ಕೆಲವೇ ಕಡೆ ಬೆಳೆಯುವ ದಪ್ಪ ಬೆತ್ತ ಅದು. ಅದರ ವೈಜ್ಞಾನಿಕ ಹೆಸರಿನಲ್ಲೂ ಕನ್ನಡದ ನಾಗಬೆತ್ತ ಎಂಬ ಪದವೇ ಇದೆ. ಹಾವು ಹತ್ತಿರ ಸುಳಿಯದಿರುವುದು ಕೋಲಿನ ಹೆಸರಿನಿಂದಲ್ಲ. ನೆಲಕ್ಕೆ ಬಡಿದ ಕೋಲಿನ ಕಂಪನ ತಿಳಿದು ಹಾವು ಸರಿದುಹೋಗುತ್ತದೆ. ಅದಕ್ಕೆ ಯಾವ ಕೋಲಾದರೂ ಸಾಕು. ನಂಬಿಕೆಯ ಹೊರೆಯನ್ನು ಹೊರುತ್ತಿರುವುದು ಆ ಅಪರೂಪದ ಬಳ್ಳಿ. ಅದನ್ನು ಕಾಡಿನಲ್ಲೇ ಬಿಡೋಣ. ಕುರ್ಚಿ, ಸೋಫಾ ಹೆಣೆಯುವ ಅಂಗಡಿಗಳಲ್ಲಿ ರಸೀದಿಯ ಸಮೇತ ಸಿಗುವ ದಪ್ಪ ಬೆತ್ತ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ತಪ್ಪು ಕಲ್ಪನೆ 8: ಬೊಕ್ಕೆನ್ ಮಾಡಲು ತೇಗಕ್ಕಿಂತ ಶ್ರೇಷ್ಠ ಮರ ಇಲ್ಲ.

ವಾಸ್ತವ: ತೇಗ ಬಾಗಿಲಿಗೆ ಶ್ರೇಷ್ಠ. ಅದು ಬಾಗದು, ಗೆದ್ದಲು ಹಿಡಿಯುವುದು ಕಡಿಮೆ, ನೀರಿಗೆ ಅಂಜದು. ಆದರೆ ಥಟ್ಟನೆ ಬೀಳುವ ಏಟು ತಾಳುವುದು ಬೇರೆಯದೇ ಗುಣ. ಅದರಲ್ಲಿ ತೇಗ ಹಿಂದೆ. ಜಪಾನಿನಲ್ಲಿ ಬೊಕ್ಕೆನ್‌ಗೆ ಅಲ್ಲಿನ ಓಕ್ ಮರವನ್ನು ಬಳಸುತ್ತಾರೆ. ಕ್ಯುಶು ದ್ವೀಪದ ಮಿಯಾಕೊನೊಜೊ ಪಟ್ಟಣ ಈ ಕಸುಬಿಗೆ ಹೆಸರುವಾಸಿ. ಆ ಓಕ್ ನಮ್ಮಲ್ಲಿಲ್ಲ. ಅದರ ಕೆಲಸ ಮಾಡುವ ಮರಗಳು ನಮ್ಮಲ್ಲಿವೆ.

ಯಾವ ಮರವೆಂದು ತಿಳಿಯಲು ಹಳೆಯ ಎತ್ತಿನ ಗಾಡಿಯನ್ನೂ ಗುದ್ದಲಿಯ ಕಾವನ್ನೂ ನೋಡಿದರೆ ಸಾಕು. ಅಚ್ಚಿಗೆ ದಿಂಡಿಗ, ಚಕ್ರಕ್ಕೆ ಜಾಲಿ, ಬಳುಕಬೇಕಾದ ಮೂಕಿಗೆ ಮತ್ತು ಕಾವಿಗೆ ತಡಸಲು. ಕಲ್ಲಿನ ದಾರಿಯಲ್ಲಿ ದಿನವಿಡೀ ಏಟು ತಿನ್ನುವ ಭಾಗಗಳಿಗೆ ಹಳ್ಳಿಯ ಬಡಗಿಗಳು ಈ ಮರಗಳನ್ನು ಹಾಕಿದ್ದು ತಲೆಮಾರುಗಳ ಪರೀಕ್ಷೆಯ ಮೇಲೆ. ಮರಕ್ಕಿಂತ ಮುಖ್ಯ ಅದರ ಎಳೆ. ಎಳೆ ಹಿಡಿಯಿಂದ ತುದಿಯವರೆಗೆ ಓಡಬೇಕು. ನಡುವೆ ಅಡ್ಡ ಹಾಯ್ದು ಹೊರಬಿದ್ದರೆ ಕತ್ತಿ ಅಲ್ಲೇ ಓರೆಯಾಗಿ ಮುರಿಯುತ್ತದೆ, ಮುರಿದ ತುಂಡು ಈಟಿಯ ಮೊನೆಯಾಗುತ್ತದೆ. ಗಂಟಿರುವ ಹಲಗೆಯನ್ನು ಎಷ್ಟೇ ಅಂದವಾಗಿದ್ದರೂ ಪಕ್ಕಕ್ಕಿಡಬೇಕು.

ತಪ್ಪು ಕಲ್ಪನೆ 9: ನಿಜವಾದ ಕತಾನ ಭಾರಿ ತೂಕದ್ದು, ಸಾವಿರ ಬಾರಿ ಮಡಿಚಿದ್ದು, ಅಭ್ಯಾಸದ ಕತ್ತಿಯೂ ಭಾರವಾಗಿದ್ದಷ್ಟೂ ಒಳ್ಳೆಯದು.

ವಾಸ್ತವ: ಸಿನಿಮಾದಲ್ಲಿ ಎರಡು ಕೈಯಲ್ಲಿ ಎತ್ತಲು ಹೆಣಗುವ ಕತಾನದ ತೂಕ ಒಂದರಿಂದ ಒಂದೂವರೆ ಕಿಲೊ ಒಳಗೆ. ಮಡಿಚುವ ಲೆಕ್ಕವೂ ಸರಳ. ಒಮ್ಮೆ ಮಡಿಚಿದರೆ ಪದರ ಎರಡಾಗುತ್ತದೆ, ಮತ್ತೊಮ್ಮೆ ಮಡಿಚಿದರೆ ನಾಲ್ಕು. ಹತ್ತು ಬಾರಿ ಮಡಿಚುವಷ್ಟರಲ್ಲಿ 1,024 ಪದರ. ಸಾವಿರ ಎಂಬುದು ಪದರದ ಲೆಕ್ಕ, ಮಡಿಕೆಯ ಲೆಕ್ಕವಲ್ಲ. ಮಡಿಚುತ್ತಿದ್ದುದು ಉಕ್ಕಿನ ಕಲ್ಮಶ ತೆಗೆದು ಅದನ್ನು ಏಕರೂಪ ಮಾಡಲು. ಅದರಲ್ಲಿ ಮಂತ್ರವಿಲ್ಲ, ಬೆವರಿದೆ.

ಭಾರದ ಕತ್ತಿ ತೋಳನ್ನು ಬೆಳೆಸುತ್ತದೆಂದು ನಾವೂ ಕಬ್ಬಿಣದ ಸರಳು ಕಟ್ಟಿ ಬೀಸಿದ್ದೆವು. ಬೆಳೆದದ್ದು ಮಣಿಕಟ್ಟಿನ ನೋವು. ಭಾರದ ಆಯುಧವನ್ನು ಹೊರಡಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಎದುರಿಗಿರುವವರ ತಲೆಯ ಹತ್ತಿರ ನಿಲ್ಲಿಸಲಾಗದ ಕತ್ತಿಯನ್ನು ಅಭ್ಯಾಸಕ್ಕೆ ತರಬಾರದು.

ತಪ್ಪು ಕಲ್ಪನೆ 10: ಪೀಣ್ಯದಲ್ಲಿ ಯಾವ ವರ್ಕ್‌ಶಾಪಿಗೆ ಕೊಟ್ಟರೂ ಮೊಂಡ ಕಬ್ಬಿಣದ ಕತಾನ ಮಾಡಿಕೊಡುತ್ತಾರೆ, ಅಲಗು ಮೊಂಡಾದರೆ ಭಯವಿಲ್ಲ, ಕಾನೂನೂ ಕೇಳುವುದಿಲ್ಲ.

ವಾಸ್ತವ: ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿಯ ಆಕಾರ ತೆಗೆಯುವ ಕೈಚಳಕ ಪೀಣ್ಯದಲ್ಲಿ ಖಂಡಿತ ಇದೆ. ಆಕಾರ ಬಂದರೂ ಹದ ಬರಬೇಕಲ್ಲ. ಬಿಸಿ ಮಾಡಿ ಕತ್ತರಿಸಿ ಬೆಸುಗೆ ಹಾಕಿದ ಉಕ್ಕು ಎಲ್ಲೋ ಗಾಜಿನಂತೆ ಪೆಡಸಾಗಿರುತ್ತದೆ, ಎಲ್ಲೋ ಮೆತ್ತಗಿರುತ್ತದೆ. ಪೆಡಸಾದ ಕಡೆ ಮುರಿದರೆ ತುಂಡು ಹಾರುತ್ತದೆ. ಮೊಂಡ ಉಕ್ಕು ಚರ್ಮ ಕೊಯ್ಯದಿದ್ದರೂ ಮೂಳೆ ಮುರಿಯುತ್ತದೆ. ದಪ್ಪ ಬೆನ್ನಿನ ಕತಾನ ತಿವಿತದಲ್ಲಿ ಬಳುಕುವುದೂ ಇಲ್ಲ, ಅಷ್ಟೂ ಬಲ ಎದುರಿನವರ ಎದೆಗೇ ಹೋಗುತ್ತದೆ.

ಕಾನೂನಿನ ಮಾತೂ ಹೇಳಿಬಿಡೋಣ. ಕತ್ತಿಗಳನ್ನೂ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕುಗಳನ್ನೂ 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಯ ಪಟ್ಟಿಯಲ್ಲಿ ಇಟ್ಟಿವೆ. ಮನೆ, ಹೊಲ, ಕಾರ್ಖಾನೆಯ ಬಳಕೆಯ ಸಲಕರಣೆಗಳಿಗೆ ವಿನಾಯಿತಿ ಇದೆ. ಕತ್ತಿಯ ಆಕಾರದ ಉಕ್ಕನ್ನು ಕೈಯಲ್ಲಿಟ್ಟುಕೊಂಡು ಇದು ಮೊಂಡ ಎಂದು ವಾದಿಸುವ ಸ್ಥಿತಿಯನ್ನು ತಂದುಕೊಳ್ಳದಿರುವುದೇ ವಿವೇಕ. 1959ರ ಶಸ್ತ್ರಾಸ್ತ್ರ ಕಾಯ್ದೆಯಾದರೋ ಲಾಠಿ ಮತ್ತು ಊರುಗೋಲನ್ನು ಶಸ್ತ್ರದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಬಿದಿರು ಬೆತ್ತದ ಕೋಲಿನವರಿಗೆ ಇದು ಸಮಾಧಾನದ ಮಾತು. ಹಾಗೆಂದು ಬೀದಿಯಲ್ಲಿ ಬೀಸಿಕೊಂಡು ಹೋಗಲು ಅದು ಅಪ್ಪಣೆಯಲ್ಲ. ನಿಷೇಧಾಜ್ಞೆ ಇದ್ದಾಗ ಪೊಲೀಸರು ದೊಣ್ಣೆ ಒಯ್ಯುವುದನ್ನೂ ತಡೆಯಬಹುದು. ಚೀಲದಲ್ಲಿ ಕಟ್ಟಿ ಒಯ್ಯಿರಿ, ಕೇಳಿದರೆ ತೆರೆದು ತೋರಿಸಿ ವಿವರಿಸಿ. ಬಯಲಿನಲ್ಲಿ ಅಭ್ಯಾಸಕ್ಕಿಳಿಯುವ ಮೊದಲು ಅಕ್ಕಪಕ್ಕದವರಿಗೆ ಹೇಳಿ.

ತಪ್ಪು ಕಲ್ಪನೆ 11: ಪಿವಿಸಿ ಪೈಪಿಗೆ ಸ್ಪಂಜು ಸುತ್ತಿದರೆ ಅದಕ್ಕಿಂತ ಸುರಕ್ಷಿತ ಆಯುಧ ಇನ್ನಿಲ್ಲ.

ವಾಸ್ತವ: ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ ಕಾಮಿಕ್ ಕಾನ್ ಮೇಳ ನಡೆದಾಗ ಬಣ್ಣ ಬಳಿದ ಸ್ಪಂಜಿನ ಕತ್ತಿಗಳು ಎಷ್ಟೋ ಕಣ್ಣಿಗೆ ಬೀಳುತ್ತವೆ. ವೇಷಕ್ಕೆ ಅವು ಸರಿ. ಹೊಡೆದಾಟಕ್ಕೆ ತಂದಾಗ ಒಳಗಿನ ಪೈಪಿನ ಬಗ್ಗೆ ಯೋಚಿಸಬೇಕು. ತಾರಸಿಯ ಬಿಸಿಲಿನಲ್ಲಿ ಕೆಲವು ವರ್ಷ ಇದ್ದ ನೀರಿನ ಪೈಪು ಕೈಯಲ್ಲೇ ಚಟ್ಟೆಂದು ಮುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಬಿಸಿಲು ತಿಂದ ಪಿವಿಸಿ ಪೆಡಸಾಗುತ್ತದೆ, ಏಟಿಗೆ ಚೂಪು ಚೂರುಗಳಾಗುತ್ತದೆ. ಸ್ಪಂಜು ಆ ಬಿರುಕನ್ನು ಮರೆಮಾಡುತ್ತದೆ. ಕವಚವಿಲ್ಲದ ಮಕ್ಕಳ ಆಟಕ್ಕೆ ಸ್ಪಂಜು ಒಳ್ಳೆಯದೇ. ಒಳಗೆ ಹೊಸ ಪೈಪು, ತುದಿಯಲ್ಲಿ ಪೈಪು ಹೊರಬರದಂತೆ ದಪ್ಪ ಮೆತ್ತೆ, ತಿವಿತಕ್ಕೂ ತಲೆಗೆ ಹೊಡೆಯುವುದಕ್ಕೂ ನಿಷೇಧ, ಈ ಮೂರೂ ಇರಬೇಕು.

ತಪ್ಪು ಕಲ್ಪನೆ 12: ತಲೆಗೆ ಕ್ರಿಕೆಟ್ ಹೆಲ್ಮೆಟ್ ಇದ್ದರೆ ಸಾಕು.

ವಾಸ್ತವ: ಕ್ರಿಕೆಟ್ ಹೆಲ್ಮೆಟ್ಟಿನ ಮುಂದಿನ ಸರಳುಗಳನ್ನು ಏಳು ಸೆಂಟಿಮೀಟರ್ ದಪ್ಪದ ಚೆಂಡನ್ನು ತಡೆಯಲು ಜೋಡಿಸಿರುತ್ತಾರೆ. ಎರಡೂವರೆ, ಮೂರು ಸೆಂಟಿಮೀಟರ್ ದಪ್ಪದ ಕೋಲಿನ ತುದಿಗೆ ಅಲ್ಲಿ ದಾರಿ ಇದೆ. ಮೇಲಿಂದ ಬೀಳುವ ಏಟಿಗೂ ಕತ್ತಿನ ಹಿಂಭಾಗಕ್ಕೂ ಗಂಟಲಿಗೂ ಅದು ಹೊಂದುವುದಿಲ್ಲ. ಬೆತ್ತದ ಕಾಳಗದವರ ನಿಯಮದಲ್ಲಿ ಮುಖದ ಸರಳುಗಳ ನಡುವೆ ಒಂದಂಗುಲ ದಪ್ಪದ ಕೋಲು ಹೋಗಬಾರದು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಕೆಂಡೊದ ಮುಖವಾಡಕ್ಕೆ ಗಂಟಲ ಮೇಲೆ ಇಳಿಬಿದ್ದ ಪ್ರತ್ಯೇಕ ಮೆತ್ತೆಯೇ ಇದೆ. ಆದರೆ ಅದು ಶಿನಾಯ್‌ಗೆ ಮಾಡಿದ್ದು, ದಪ್ಪ ಬೆತ್ತದ ಏಟಿಗಲ್ಲ. ಯಾವ ಆಯುಧಕ್ಕೆ ಯಾವ ಕವಚ ಎಂಬುದು ಜೋಡಿಯಾಗಿಯೇ ತೀರ್ಮಾನವಾಗಬೇಕು.

ತಪ್ಪು ಕಲ್ಪನೆ 13: ಒಮ್ಮೆ ಚೆನ್ನಾಗಿ ಮಾಡಿ ಟೇಪು ಸುತ್ತಿಟ್ಟರೆ ವರ್ಷಗಟ್ಟಲೆ ನೋಡಬೇಕಾಗಿಲ್ಲ.

ವಾಸ್ತವ: ನಮ್ಮ ನಂಬಿಕೆಗಳಲ್ಲಿ ಹೆಚ್ಚು ಅಪಾಯದ್ದು ಇದು. ಬೆತ್ತಕ್ಕೆ ಟೇಪು ಬೇಕು, ಅದು ನಾರನ್ನು ಹಿಡಿದಿಡುತ್ತದೆ. ಅದೇ ಟೇಪು ಒಳಗಿನ ಹಾಳನ್ನೂ ಮುಚ್ಚಿಡುತ್ತದೆ. ಆದ್ದರಿಂದ ಬೆತ್ತವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಾಗಿಸಿ ಕಿವಿ ಕೊಡಬೇಕು. ಸದ್ದು ಬಂದರೆ ಅಥವಾ ಒಂದೇ ಜಾಗದಲ್ಲಿ ಮೆತ್ತಗಾದರೆ ಅದರ ಆಯಸ್ಸು ಮುಗಿದಂತೆ.

ಶಿನಾಯ್‌ಗೆ ಟೇಪು ಸುತ್ತಲೇಬಾರದು. ಪ್ರತಿ ಅಭ್ಯಾಸಕ್ಕೆ ಮೊದಲು ದಬ್ಬೆಯ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯ ಬಟ್ಟೆಯಿಂದ ಸವರಬೇಕು. ಬಟ್ಟೆಯ ಎಳೆ ಸಿಕ್ಕಿಕೊಂಡ ಕಡೆ ಸಿಬಿರು ಎದ್ದಿದೆ ಎಂದರ್ಥ. ಸಣ್ಣ ಸಿಬಿರನ್ನು ಚಾಕುವಿನಿಂದ ಹೆರೆದು ಉಪ್ಪುಕಾಗದದಿಂದ ಉಜ್ಜಬಹುದು. ಬಿರುಕಾದರೆ ಆ ದಬ್ಬೆಯನ್ನೇ ಬದಲಿಸಬೇಕು. ಒಡೆದ ಶಿನಾಯ್‌ನ ಸಿಬಿರು ಮುಖವಾಡದ ಸರಳುಗಳ ನಡುವೆ ತೂರಿ ಕಣ್ಣಿಗೆ ಹೋಗಬಲ್ಲದು. ಕೆಂಡೊ ಶಾಲೆಗಳು ಈ ತಪಾಸಣೆಯನ್ನು ಪಾಠದ ಭಾಗವಾಗಿಸಿರುವುದು ಸುಮ್ಮನೆ ಅಲ್ಲ.

ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿ ಬಿದಿರಿನ ತೇವವನ್ನು ಹೀರಿ ಬಿರುಕು ಬಿಡಿಸುತ್ತದೆ. ಅದಕ್ಕೆ ಎಣ್ಣೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಜಿಡ್ಡಾಗಿ ಉಳಿದು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒಳಗಿಳಿದು ಗಟ್ಟಿಯಾಗುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ತಂತಿಯ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ತಪ್ಪು ಕಲ್ಪನೆ 14: ಇದೆಲ್ಲ ಪರದೇಶದ ಹುಚ್ಚು, ನಮ್ಮ ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ.

ವಾಸ್ತವ: ಕೊಡಗಿನಲ್ಲಿ ಪರಿಯಕಳಿ ಎಂಬ ಆಟವಿದೆ. ಇಬ್ಬರು ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ ಹಿಡಿದು ವಾಲಗದ ಗತ್ತಿಗೆ ಎದುರಾಗುತ್ತಾರೆ. ಹೊಡೆಯಬೇಕಾದದ್ದು ಮೊಣಕಾಲಿನ ಕೆಳಗೆ ಮಾತ್ರ. ಯುದ್ಧದ ನೆನಪನ್ನು ಆಟವಾಗಿ ಉಳಿಸಿಕೊಳ್ಳುವುದು, ಆಯುಧಕ್ಕೆ ಬೆತ್ತವನ್ನೇ ಆರಿಸುವುದು, ಎಲ್ಲಿ ಹೊಡೆಯಬಹುದು ಎಂಬುದಕ್ಕೆ ಗೆರೆ ಎಳೆಯುವುದು: ಬರ್ಕ್ಲಿಯವರು 1966ರ ನಂತರ ಕಂಡುಕೊಂಡದ್ದನ್ನು ನಮ್ಮ ಬೆಟ್ಟದ ಜನ ಹಬ್ಬದ ಆಟವಾಗಿ ಆಡುತ್ತಲೇ ಬಂದಿದ್ದಾರೆ. ಬಯಲುಸೀಮೆಯ ಗರಡಿಗಳಲ್ಲಿ ದೊಣ್ಣೆ ವರಸೆ ಇತ್ತು, ಈಗಲೂ ಅಲ್ಲಲ್ಲಿ ಇದೆ. ನೆರೆಯ ಕೇರಳದ ಕಳರಿಯಲ್ಲಿ ಮರದ ಕೋಲಿನ ಪಾಠ ಮುಗಿಯದೆ ಉಕ್ಕಿನ ಕತ್ತಿ ಕೈಗೆ ಬರುವುದಿಲ್ಲ.

ನಾವು ಜಪಾನಿನ ಮಾದರಿಯನ್ನು ಪ್ರೀತಿಯಿಂದ ಆರಿಸಿದ್ದೇವೆ. ಅದರ ಶಿಸ್ತು ದೊಡ್ಡದು. ಆದರೆ ಆ ಕತ್ತಿ ಮಾಡುವ ವಿದ್ಯೆಯನ್ನು ನಮಗೆ ಕಲಿಸಿದವರು ಇಲ್ಲಿನವರು. ಬಿದಿರಿನ ವಯಸ್ಸು ಹೇಳಿಕೊಟ್ಟವರು ಮೇದರು, ಮರದ ಎಳೆ ತೋರಿಸಿದವರು ಬಡಗಿಗಳು, ದಪ್ಪ ಬೆತ್ತವನ್ನು ಹಬೆಯಲ್ಲಿ ಬಾಗಿಸುವುದನ್ನು ಕಲಿಸಿದವರು ಕುರ್ಚಿ ಹೆಣೆಯುವವರು. ಅವರಲ್ಲಿ ಯಾರೂ ಸಮುರಾಯ್ ಹೆಸರು ಕೇಳಿದವರಲ್ಲ. ನಾವು ಮುರಿದ ತುಂಡು ತೋರಿಸಿದಾಗ ಎಲ್ಲರೂ ಮೊದಲು ನೋಡಿದ್ದು ಒಂದನ್ನೇ, ಅದು ಎಲ್ಲಿಂದ ಸೀಳಿದೆ ಎಂಬುದನ್ನು.

ಈಗ ಕಾಡುಗೋಡಿಯ ನಮ್ಮ ಭಾನುವಾರಗಳು ಕಾಳಗದಿಂದ ಶುರುವಾಗುವುದಿಲ್ಲ. ಮೊದಲು ಎಲ್ಲರೂ ಸುತ್ತ ಕುಳಿತು ತಮ್ಮ ಕತ್ತಿಯನ್ನು ಪಕ್ಕದವರ ಕೈಗೆ ಕೊಡುತ್ತೇವೆ. ಪಕ್ಕದವರು ಬಟ್ಟೆಯಿಂದ ಸವರಿ, ಬಾಗಿಸಿ, ಕಿವಿಗೊಟ್ಟು, ಸರಿಯಿದ್ದರೆ ಹಿಂದಿರುಗಿಸುತ್ತಾರೆ. ಸರಿಯಿಲ್ಲದಿದ್ದರೆ ಅದು ಅಂದು ಮೂಲೆ ಸೇರುತ್ತದೆ, ಯಾರೂ ವಾದಿಸುವುದಿಲ್ಲ. ನಮ್ಮ ಕತ್ತಿ ಮುರಿದಾಗ ಅದರ ಎದುರು ನಿಂತಿರುವವರು ಅವರೇ ಆದ್ದರಿಂದ, ಅದನ್ನು ಪರೀಕ್ಷಿಸುವ ಹಕ್ಕೂ ಅವರದೇ. ಹುಬ್ಬಿನ ಮೇಲೆ ಗೀರು ಉಳಿದಿರುವ ಗೆಳೆಯ ಇಂದಿಗೂ ನಮ್ಮ ಜೊತೆ ಆಡುತ್ತಾನೆ. ಕತ್ತಿಗಳನ್ನು ಮೊದಲು ನೋಡುವವನೂ ಅವನೇ.